ಹಣೆಬರಹಕ್ಕೊಂದು ಎಲ್‌ಇಡಿ

2019ರ ಆ ವಿಡಿಯೋ ನೀವೂ ನೋಡಿರುತ್ತೀರಿ. ಚೀನಾದ ಝೆಜಿಯಾಂಗ್ ಪ್ರಾಂತ್ಯದ ಒಂದು ಪ್ರಾಥಮಿಕ ಶಾಲೆ. ಸಾಲಾಗಿ ಕೂತ ಮಕ್ಕಳ ತಲೆಗೆಲ್ಲ ಮೆದುಳಿನ ವಿದ್ಯುತ್ ಅಲೆ ಓದುವ ಒಂದೊಂದು ಪಟ್ಟಿ, ಹಣೆ ಮೇಲೆ ಪುಟ್ಟ ದೀಪ. ಗಮನ ಇದ್ದರೆ ಕೆಂಪು, ಇಲ್ಲದಿದ್ದರೆ ನೀಲಿ. ಗಮನದ ಅಂಕ ನೇರ ಟೀಚರ್ ಕಂಪ್ಯೂಟರಿಗೆ, ಹಾಗೇ ಅಪ್ಪ-ಅಮ್ಮನಿಗೂ. ಎಂಥ ಅನುಕೂಲ! ಇನ್ನು ಮಗುವಿನ ಮುಖ ನೋಡುವ ತೊಂದರೆಯೇ ಇಲ್ಲ. ಹಣೆಬರಹ ಓದೋಕೆ ಆಗಲ್ಲ ಅಂದವರಾರು? ದೀಪ ಹಾಕಿದರೆ ಕೊನೆ ಬೆಂಚಿಗೂ ಕಾಣುತ್ತದೆ.

ಈ ವಿದ್ಯೆಯ ಮೂಲಪುರುಷ, ಜರ್ಮನಿಯ ಹ್ಯಾನ್ಸ್ ಬರ್ಗರ್ ಕಥೆ ಇನ್ನೂ ಮಜವಾಗಿದೆ. ಸೈನ್ಯದಲ್ಲಿದ್ದಾಗ ಕುದುರೆಯಿಂದ ಬಿದ್ದು, ಫಿರಂಗಿ ಗಾಡಿಯ ಚಕ್ರಕ್ಕೆ ಸಿಗುವುದು ಕೂದಲೆಳೆಯಲ್ಲಿ ತಪ್ಪಿತು. ಅವತ್ತೇ ಮನೆಯಿಂದ ಟೆಲಿಗ್ರಾಂ, ಕ್ಷೇಮ ವಿಚಾರಿಸಿ. ದೂರದಲ್ಲಿದ್ದ ಸೋದರಿಗೆ ಇವನಿಗೇನೋ ಆಗಿದೆ ಅನ್ನಿಸಿತ್ತಂತೆ. ಮನಸ್ಸಿನಿಂದ ಮನಸ್ಸಿಗೆ ಸುದ್ದಿ ಹೋಗುವ ದಾರಿ ಹುಡುಕಲು ಹೊರಟವನಿಗೆ 1924ರಲ್ಲಿ ಸಿಕ್ಕಿದ್ದು ಮೆದುಳಿನ ಅಲೆಗಳು. ಪ್ರಕಟಿಸಿದ್ದು 1929ರಲ್ಲಿ. ಐದು ವರ್ಷ ಬಾಯಿ ಬಿಡಲಿಲ್ಲ ಪುಣ್ಯಾತ್ಮ. ಪಟ್ಟಿ ಮಾರುವವರಿಗೆ ಐದು ನಿಮಿಷವೂ ಜಾಸ್ತಿ.

ಅವನು ಕಂಡ ಆಲ್ಫಾ ಅಲೆ ಸೆಕೆಂಡಿಗೆ 8ರಿಂದ 13 ಸಲ ಏಳುತ್ತದೆ. ಕಣ್ಣು ಮುಚ್ಚಿದರೆ ಜೋರು, ತೆರೆದರೆ ಸಪ್ಪೆ. ಹಾಗಾಗಿ ಅದನ್ನು ಬಹಳ ಕಾಲ ಸೋಮಾರಿ ಅಲೆ ಅಂದುಕೊಂಡಿದ್ದರು. ಆಮೇಲೆ ನೋಡಿದರೆ ಬೇಡದ್ದನ್ನು ತಡೆಯುವ ಕೆಲಸವೂ ಅದರದ್ದೇ. ಎಡಕ್ಕೆ ಗಮನ ಕೊಟ್ಟಾಗ, ಬಲಗಡೆಯ ನೋಟ ನೋಡಿಕೊಳ್ಳುವ ಎಡ ಮೆದುಳಿನಲ್ಲಿ ಆಲ್ಫಾ ಏರುತ್ತದೆ. ಈಗ ದೀಪ ಯಾವ ಬಣ್ಣ ತೋರಿಸಬೇಕು ಸ್ವಾಮಿ? ಸಾಲದ್ದಕ್ಕೆ, ಎಷ್ಟೇ ತಲ್ಲೀನರಾಗಿದ್ದರೂ ಗಮನ ಸೆಕೆಂಡಿಗೆ ಸುಮಾರು ನಾಲ್ಕು ಸಲ ಏರಿಳಿಯುವುದನ್ನು 2018ರಲ್ಲಿ ಮಂಗಗಳಲ್ಲೂ ಮನುಷ್ಯರಲ್ಲೂ ಕಂಡಿದ್ದಾರೆ. ನ್ಯಾಯವಾಗಿ ಪ್ರತಿ ಮಗುವಿನ ಹಣೆಯೂ ಸೀರಿಯಲ್ ಸೆಟ್ಟಿನ ಹಾಗೆ ಮಿಣಮಿಣ ಅನ್ನಬೇಕು.

ಅಂಕ ಕಮ್ಮಿ ಬಂದರೆ ಮನೆಯಲ್ಲಿ ಶಿಕ್ಷೆ ಅಂತ ಆ ವಿಡಿಯೋದಲ್ಲಿ ಒಬ್ಬ ಹುಡುಗ ಹೇಳುತ್ತಾನೆ. ಅಲ್ಲಿಗೆ ನನ್ನ ನಗು ನಿಂತಿತು. ತಲೆಯ ಮೇಲೆ ಸಿಗುವ ಸಿಗ್ನಲ್ ವೋಲ್ಟಿನ ಲಕ್ಷದಲ್ಲಿ ಒಂದರಿಂದ ಹತ್ತು ಭಾಗ, ಅಷ್ಟೇ. ಹಲ್ಲು ಕಚ್ಚಿದರೆ, ಹುಬ್ಬು ಗಂಟಿಕ್ಕಿದರೆ ಸ್ನಾಯುವಿನ ಕರೆಂಟೇ ಅದನ್ನು ಮುಳುಗಿಸುತ್ತದೆ. ಇದನ್ನು ನಂಬಿಕೊಂಡು ಮಗುವಿಗೆ ಬೈಯುತ್ತೀರಾ? ಸುಮ್ನೆ ಕಿಟಕಿ ಆಚೆ ನೋಡುವುದೂ ತಪ್ಪಾ?

ಜನ ಉಗಿದ ಮೇಲೆ ಅಲ್ಲಿನ ಅಧಿಕಾರಿಗಳು ಪಟ್ಟಿ ಬಿಚ್ಚಿಸಿದರು. ಮಾರಾಟ ಮಾತ್ರ ನಿಂತಿಲ್ಲ. ಈಗ ದೊಡ್ಡವರೇ ದುಡ್ಡು ಕೊಟ್ಟು ಕಟ್ಟಿಕೊಳ್ಳುತ್ತಾರೆ, ಗಮನ ಎಷ್ಟಿದೆ ಅಂತ ಗಳಿಗೆಗೊಮ್ಮೆ ಫೋನ್ ತೆಗೆದು ನೋಡುತ್ತಾರೆ.