ಕೆಂಪಗಿದ್ದದ್ದೆಲ್ಲ ಬ್ಯಾಡಗಿ ಆಗುತ್ತಾ?

ನಾನೇನು ಪುಕ್ಕಟೆ ಕೇಳಿದೆನಾ? ಬ್ಯಾಡಗಿ ಮೆಣಸಿನಕಾಯಿಗೆ ಅಂಗಡಿಯವನು ಹೇಳಿದಷ್ಟು ದುಡ್ಡು ಕೊಟ್ಟಿದ್ದೇನೆ. ಒಂದು ರೂಪಾಯಿ ಚೌಕಾಸಿ ಮಾಡಿಲ್ಲ. ಆದರೂ ಇವತ್ತು ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಅಷ್ಟು ಜನರ ಮುಂದೆ ಮರ್ಯಾದೆ ಕಳೆದುಕೊಂಡು ಬಂದವಳು ನಾನೇ. ಮನೆಗೆ ಬಂದು ಎಷ್ಟು ಹೊತ್ತಾಯಿತು, ಕೈ ನಡುಗುವುದು ನಿಂತಿಲ್ಲ.

ಉಪ್ಪಿನಕಾಯಿಗೆ ಹಾಕಿದ ಮಾವಿನ ಮಿಡಿ ಪೂರ್ತಿ ಹಾಳು. ಅದೂ ಅಪ್ಪೆಮಿಡಿ! ಹೊಸನಗರದ ಕಡೆ ನನ್ನ ತಮ್ಮ ಆಳನ್ನು ಮರ ಹತ್ತಿಸಿ, ನೆಲಕ್ಕೆ ಬೀಳಿಸದೆ ತೊಟ್ಟು ಸಮೇತ ಕೊಯ್ಯಿಸಿ ಕಳಿಸಿದ್ದ. ಉಪ್ಪಿನಲ್ಲಿ ಚೆನ್ನಾಗಿ ಚಿರುಟಿತ್ತು. ಸಾಸಿವೆ, ಮೆಣಸಿನಕಾಯಿ ಬೀಸಿ ಹಾಕಿದ ಮೇಲೆ ನೋಡಿದರೆ ಬಣ್ಣ ಇಟ್ಟಿಗೆ ಥರ, ಖಾರ ನೆತ್ತಿಗೆ ಏರುತ್ತದೆ. ಅತ್ತೆ ಒಂದು ಮಿಡಿ ಕಚ್ಚಿ ಎಲೆ ಪಕ್ಕಕ್ಕೆ ಸರಿಸಿದರು. ಏನೂ ಅನ್ನಲಿಲ್ಲ. ಬೈದಿದ್ದರೇ ವಾಸಿ ಇತ್ತು.

ಉಳಿದ ಮೆಣಸಿನಕಾಯಿ ತೆಗೆದುಕೊಂಡು ಅಂಗಡಿಗೆ ಹೋದೆ. "ಇದು ಬ್ಯಾಡಗಿ ಅಲ್ಲ ಕಣ್ರೀ" ಅಂದೆ. ಆತ ಬೇಳೆ ತೂಗುತ್ತಲೇ ಇದ್ದ. ತಲೆ ಎತ್ತಲಿಲ್ಲ. ಮತ್ತೆ ಹೇಳಿದೆ. ಆಗ ನನ್ನ ಚೀಲಕ್ಕೇ ಕೈ ಹಾಕಿ ಒಂದು ಕಾಯಿ ತೆಗೆದು, ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದ. "ಕೆಂಪಗಿದೆಯೋ ಇಲ್ಲವೋ ಅಕ್ಕಾ?" ಕೆಂಪಗಿದೆ ಅಂದೆ. "ಮತ್ತೆ? ಬ್ಯಾಡಗಿನೇ ಅದು. ನಿಮ್ಮ ಕಡೆಯವರಿಗೆ ಕಾಳುಮೆಣಸು ಗೊತ್ತು, ಇದೆಲ್ಲ ಎಲ್ಲಿ ಗೊತ್ತಾಗಬೇಕು? ಖಾರ ಆಗದಿದ್ದರೆ ಬೆಲ್ಲ ತಿನ್ನಿ!" ಬೆಲ್ಲ ಕಟ್ಟಿಸಿಕೊಳ್ಳುತ್ತಿದ್ದವರು ನಕ್ಕರು. ಪೊಟ್ಟಣ ಕಟ್ಟುವ ಹುಡುಗನೂ ನಕ್ಕ. ಪರಿಚಯದ ಮೇಷ್ಟ್ರೊಬ್ಬರು ಅಲ್ಲೇ ಇದ್ದರು, ಅವರು ರಸ್ತೆ ಕಡೆ ನೋಡಿದರು. ಒಬ್ಬರಾದರೂ ಬಾಯಿ ಬಿಡಬಾರದಿತ್ತಾ?

ಗೊತ್ತಿಲ್ಲವಂತೆ ನನಗೆ! ಬ್ಯಾಡಗಿಯಲ್ಲಿ ಎರಡು ಥರ. ಕಡ್ಡಿ ಅಂದರೆ ಉದ್ದ, ತೆಳು, ಮೈತುಂಬ ಸುಕ್ಕು, ಬೀಜ ಕಮ್ಮಿ. ಡಬ್ಬಿ ಅಂದರೆ ಗಿಡ್ಡ, ದಪ್ಪ. ಎರಡರಲ್ಲೂ ಬಣ್ಣ ಜಾಸ್ತಿ, ಖಾರ ಕಡಿಮೆ. ಆ ಬಣ್ಣ ತೆಗೆದು ಲಿಪ್‌ಸ್ಟಿಕ್ಕಿಗೂ ಹಾಕುತ್ತಾರೆ. ಇವನು ಕೊಟ್ಟದ್ದರ ಮೇಲೆ ನಾಲ್ಕು ಕಾಯಿ ಸುಕ್ಕಿನದು, ಕೆಳಗೆಲ್ಲ ನುಣ್ಣಗೆ ಹೊಳೆಯುವ ಕಾಯಿ, ಮುರಿದರೆ ಬರೀ ಬೀಜ. ಆರಿಸಿಕೊಳ್ಳೋಣ ಅಂದರೆ ಮೂಟೆಗೆ ಕೈ ಹಾಕಲೂ ಬಿಡುವುದಿಲ್ಲ. ಇದನ್ನೆಲ್ಲ ಅಲ್ಲೇ ಹೇಳಬೇಕಿತ್ತು, ಗಂಟಲು ಕಟ್ಟಿಹೋಯಿತು.

ಹೋಗಲಿ, ಮೆಣಸಿನಕಾಯಿಗೆ ಯಾರು ಜಗಳ ಆಡುತ್ತಾರೆ ಅಂತ ಮನೆಯವರು ಹೇಳಿದರು. ನಿಜ, ಎಲ್ಲ ಅಂಗಡಿಯೂ ಹೀಗೇ. ಬಿಟ್ಟುಬಿಡುತ್ತೇನೆ.

ಯಾಕೆ ಬಿಡಬೇಕು? ಬ್ಯಾಡಗಿ ಏನು ದೂರದ ದೇಶವಾ? ಶಿಕಾರಿಪುರ ದಾಟಿದರೆ ಪಕ್ಕದ ಹಾವೇರಿ ಜಿಲ್ಲೆ. 2011ರಲ್ಲಿ ಆ ಕಾಯಿಗೆ ಜಿಐ ಟ್ಯಾಗ್, ಅಂದರೆ ಇದು ಇಂಥ ಸೀಮೆಯದೇ ಅನ್ನುವ ಗುರುತು, ಕೊಟ್ಟರು. ನಮ್ಮ ಅಂಗಡಿಯ ಮೂಟೆಗೆ ಆ ಟ್ಯಾಗ್ ಯಾರು ಕಟ್ಟುತ್ತಾರೆ? 2024ರ ಮಾರ್ಚ್‌ನಲ್ಲಿ ಬೆಲೆ ಬಿದ್ದು ರೈತರು ರೊಚ್ಚಿಗೆದ್ದು ಬ್ಯಾಡಗಿ ಎಪಿಎಂಸಿ ಮಾರುಕಟ್ಟೆಯಲ್ಲಿ ಗಾಡಿಗಳಿಗೆ ಬೆಂಕಿ ಇಟ್ಟದ್ದು ಮರೆತುಹೋಯಿತಾ? ಬೆಳೆದವರಿಗೆ ಬೆಲೆ ಇಲ್ಲ, ಬೆಲೆ ಕೊಟ್ಟವರಿಗೆ ಕಾಯಿ ಇಲ್ಲ. ನಡುವೆ ಆ ಹೆಸರು ಮಾರಿಕೊಂಡು ತಿನ್ನುವವರು ಯಾರು?

ಈ ವರ್ಷ ಮತ್ತೆ ಮಿಡಿ ಸಿಗುವುದಿಲ್ಲ, ಮರದಲ್ಲಿದ್ದದ್ದು ಬಲಿತಾಯಿತು. ದುಡ್ಡು ವಾಪಸ್ ಬೇಡ ನನಗೆ. ಅಷ್ಟು ಜನರ ಮುಂದೆ "ಇದು ಬ್ಯಾಡಗಿ ಅಲ್ಲ" ಅಂತ ಅವನು ಒಪ್ಪಿಕೊಳ್ಳಬೇಕು. ಬಿಲ್ಲೂ ಕೊಟ್ಟಿಲ್ಲ. ಬಿಲ್ಲಿಲ್ಲದೆ ದೂರು ಕೊಡಬಹುದಾ? ಶಿವಮೊಗ್ಗದಲ್ಲಿ ಯಾರ ಹತ್ತಿರ ಹೋಗಬೇಕು? ಗೊತ್ತಿದ್ದವರು ಹೇಳಿ, ನಾಳೆ ಬೆಳಿಗ್ಗೆಯೇ ಹೋಗುತ್ತೇನೆ. "ಹೋಗಲಿ ಬಿಡಿ" ಅನ್ನುವವರು ದಯವಿಟ್ಟು ಏನೂ ಬರೆಯಬೇಡಿ.