ಬೀರುವಿನ ಬೀಗ, ಮಿಶಿಗನ್ನಿನ ತೆರೆದ ಕಪಾಟು

ಅಮೆರಿಕದ ಮಿಶಿಗನ್ ರಾಜ್ಯದಲ್ಲಿ, ಡೆಟ್ರಾಯಿಟ್ ಸುತ್ತಲಿನ ಟ್ರಾಯ್, ನೋವೈ, ಕ್ಯಾಂಟನ್ ಊರುಗಳಲ್ಲಿ ಕಾರು ಕಂಪನಿಗಳ ಕೆಲಸಕ್ಕೆ ಬಂದು ನೆಲೆಸಿದ ಕನ್ನಡದ ಮನೆಗಳು ಸಾಕಷ್ಟಿವೆ. ಮಗುವಿನ ಗಣಿತದ ಅಂಕ, ಸ್ಕೂಲ್ ಬಸ್ಸು ಬರುವ ಹೊತ್ತು, ಕಾಲೇಜು ಪ್ರವೇಶಕ್ಕೆ ಬರೆಯುವ ಎಸ್‌ಎಟಿ ಪರೀಕ್ಷೆಯ ತಯಾರಿ ಎಲ್ಲವೂ ಈ ಅಪ್ಪ-ಅಮ್ಮಂದಿರಿಗೆ ಬಾಯಿಪಾಠ. ಅದೇ ಹೈಸ್ಕೂಲಿನ ಲೈಬ್ರರಿಯಲ್ಲಿ ಏನೇನು ಸಿಗುತ್ತದೆ ಎಂದು ಕೇಳಿದರೆ ಮಾತ್ರ ಮಾತು ತಡವರಿಸುತ್ತದೆ. ಇದು ಅಸಡ್ಡೆ ಎಂದು ನನಗೆ ಅನಿಸುವುದಿಲ್ಲ. ನಮ್ಮಲ್ಲಿ ಬಹುಪಾಲು ಜನ ಓದಿದ ಹೈಸ್ಕೂಲಿನಲ್ಲಿ ಲೈಬ್ರರಿ ಎಂದರೆ ಸ್ಟಾಫ್ ರೂಮಿನ ಗೋಡೆಗೆ ಒರಗಿಸಿಟ್ಟ ಎರಡು ಕಬ್ಬಿಣದ ಬೀರು, ಕನ್ನಡ ಮೇಷ್ಟ್ರ ಬಳಿಯಿರುವ ಒಂದು ಕೀಲಿ. ಲೈಬ್ರರಿಯನ್ನು ಬಳಸುವುದೂ ಕಲಿಯಬೇಕಾದ ವಿದ್ಯೆ ಎಂಬುದು ತಿಳಿಯಲು ನಮಗೆ ಅವಕಾಶವೇ ಸಿಗಲಿಲ್ಲ.

ಮೊದಲು ಇಲ್ಲಿನದನ್ನು ಹೇಳುತ್ತೇನೆ. ಬಾಗಿಲಿನ ಮೇಲೆ ‘ಲೈಬ್ರರಿ’ ಎಂದೇ ಬರೆದಿರಬೇಕೆಂದಿಲ್ಲ. ಮಿಶಿಗನ್ನಿನ ಎಷ್ಟೋ ಹೈಸ್ಕೂಲುಗಳಲ್ಲಿ ಅದರ ಹೆಸರು ‘ಮೀಡಿಯಾ ಸೆಂಟರ್’, ಗ್ರಂಥಪಾಲಕರ ಹೆಸರು ‘ಮೀಡಿಯಾ ಸ್ಪೆಷಲಿಸ್ಟ್’. ತರಗತಿ ನಡೆಯುತ್ತಿರುವಾಗ ಹೋಗಬೇಕಾದರೆ ಶಿಕ್ಷಕರಿಂದ ಪಾಸ್ ಬೇಕು. ಬೆಳಗಿನ ಗಂಟೆಗೆ ಮುಂಚೆ, ಊಟದ ಬಿಡುವಿನಲ್ಲಿ, ಶಾಲೆ ಬಿಟ್ಟ ಮೇಲೆ ಹೋಗಲು ಸಾಮಾನ್ಯವಾಗಿ ಪಾಸ್ ಬೇಡ. ವಿದ್ಯಾರ್ಥಿಯ ಗುರುತಿನ ಚೀಟಿಯ ಬಾರ್‌ಕೋಡೇ ಲೈಬ್ರರಿ ಕಾರ್ಡು.

ಪುಸ್ತಕ ಹುಡುಕುವಾಗ ಮಕ್ಕಳು ಎಡವುವುದು ಡ್ಯೂಯಿ ಸಂಖ್ಯೆಯ, ಅಂದರೆ ಪುಸ್ತಕಗಳನ್ನು ವಿಷಯವಾರು ಜೋಡಿಸಲು ಬೆನ್ನಿಗೆ ಅಂಟಿಸುವ ಸಂಖ್ಯೆಯ, ದಶಾಂಶದಲ್ಲಿ. 530.2 ಎಂಬುದು 530.12ಕ್ಕಿಂತ ಮೊದಲು ಬರುತ್ತದೆ ಎಂದುಕೊಳ್ಳುತ್ತಾರೆ, ಎರಡು ಹನ್ನೆರಡಕ್ಕಿಂತ ಚಿಕ್ಕದಲ್ಲವೇ ಎಂಬ ಲೆಕ್ಕ. ಕಪಾಟಿನಲ್ಲಿ ಮೊದಲು 530.112, ಆಮೇಲೆ 530.12, ಆಮೇಲೆ 530.2. ಚುಕ್ಕಿಯ ನಂತರ ಒಂದೊಂದೇ ಅಂಕಿಯನ್ನು ಹೋಲಿಸುತ್ತಾ ಹೋಗಬೇಕು. ಕಾದಂಬರಿಗಳಿಗೆ ಸಂಖ್ಯೆ ಇರುವುದಿಲ್ಲ, ಲೇಖಕರ ಮನೆತನದ ಹೆಸರಿನ ಮೊದಲ ಮೂರು ಅಕ್ಷರಗಳಿರುತ್ತವೆ. ಇನಿಶಿಯಲ್ ಮುಂದಿಟ್ಟು ಬರೆಯುವ ನಮ್ಮ ಲೇಖಕರ ಪುಸ್ತಕ ಎಲ್ಲಿ ಸೇರಿದೆಯೆಂದು ಊಹಿಸುವುದು ಕಷ್ಟ, ಕ್ಯಾಟಲಾಗ್ ನೋಡುವುದೇ ಸರಿ. ಕ್ಯಾಟಲಾಗ್ ‘ಒಳಗಿದೆ’ ಎನ್ನುತ್ತದೆ, ಕಪಾಟಿನಲ್ಲಿ ಕಾಣುವುದಿಲ್ಲ. ಇದು ದಿನಾ ನಡೆಯುವ ಸಂಗತಿ. ಮೇಲಿನ ಮತ್ತು ಕೆಳಗಿನ ಸಾಲು, ವಾಪಸು ಬಂದ ಪುಸ್ತಕಗಳ ತಳ್ಳುಗಾಡಿ, ಪ್ರದರ್ಶನಕ್ಕಿಟ್ಟ ಮೇಜು, ಈ ಮೂರು ಕಡೆ ನೋಡಿ. ಅಲ್ಲೂ ಇಲ್ಲದಿದ್ದರೆ ಗ್ರಂಥಪಾಲಕರಿಗೆ ಹೇಳಿ ಬನ್ನಿ, ಅವರು ಹುಡುಕಿಡುತ್ತಾರೆ. ಬೇರೆಯವರ ಕೈಯಲ್ಲಿದ್ದರೆ ‘ಹೋಲ್ಡ್’ ಹಾಕಿ ಸರದಿಯಲ್ಲಿ ನಿಲ್ಲಬಹುದು.

ಆದರೆ ನಮ್ಮ ಮನೆಗಳ ಕಣ್ಣಿಗೆ ಬೀಳದೇ ಹೋಗುವ ದೊಡ್ಡ ಆಸ್ತಿ ಕಪಾಟಿನಲ್ಲಿಲ್ಲ, ಡೇಟಾಬೇಸ್‌ಗಳಲ್ಲಿದೆ. ಗೇಲ್, ಎಬ್ಸ್ಕೋ, ಜೇಸ್ಟೋರ್ ಥರದ ಆನ್‌ಲೈನ್ ಲೇಖನ ಸಂಗ್ರಹಗಳಿಗೆ ಶಾಲೆ ಅಥವಾ ರಾಜ್ಯ ಚಂದಾ ಕಟ್ಟಿರುತ್ತದೆ. ಶಾಲೆಯಲ್ಲಿ ಸಲೀಸಾಗಿ ತೆರೆದದ್ದು ಮನೆಯಲ್ಲಿ ಪಾಸ್‌ವರ್ಡ್ ಕೇಳುತ್ತದೆ. ಮಗು ಅಲ್ಲಿಗೇ ಬಿಟ್ಟು ಗೂಗಲ್‌ಗೆ ಹೋಗುತ್ತದೆ. ಆ ಪಾಸ್‌ವರ್ಡುಗಳ ಒಂದು ಹಾಳೆ ಲೈಬ್ರರಿಯ ಮೇಜಿನ ಮೇಲೆಯೇ ಇರುತ್ತದೆ, ಸೆಪ್ಟೆಂಬರಿನಲ್ಲೇ ತಂದು ಮನೆಯ ಫ್ರಿಜ್ಜಿನ ಮೇಲೆ ಅಂಟಿಸಿ. ಅದೂ ಸಿಗದಿದ್ದರೆ ‘ಮೆಲ್’ ಎಂದು ಎಲ್ಲರೂ ಕರೆಯುವ ಮಿಶಿಗನ್ ಇ-ಲೈಬ್ರರಿ ಇದೆ, ರಾಜ್ಯದ ನಿವಾಸಿಗಳಿಗೆಲ್ಲ ಉಚಿತ.

ಡೇಟಾಬೇಸಿನಲ್ಲಿ ಹುಡುಕುವ ರೀತಿ ಗೂಗಲ್‌ಗಿಂತ ಬೇರೆ. ಜೀಬ್ರಾ ಮಸಲ್ ಎಂಬ ಹೊರಗಿನ ಚಿಪ್ಪುಜೀವಿ 1988ರಲ್ಲಿ ಇಲ್ಲಿನ ಸೇಂಟ್ ಕ್ಲೇರ್ ಸರೋವರದಲ್ಲಿ ಪತ್ತೆಯಾಯಿತು. ಇಲ್ಲಿನ ಜೀವಶಾಸ್ತ್ರದ ಪ್ರಬಂಧಗಳಿಗೆ ಹೇಳಿ ಮಾಡಿಸಿದ ವಿಷಯ. ‘ಜೀಬ್ರಾ ಮಸಲ್ ಸರೋವರದ ಮೀನುಗಳಿಗೆ ಹೇಗೆ ತೊಂದರೆ ಕೊಡುತ್ತದೆ’ ಎಂದು ಇಡೀ ಪ್ರಶ್ನೆಯನ್ನು ಟೈಪ್ ಮಾಡಿದರೆ ಎಷ್ಟೋ ಡೇಟಾಬೇಸ್‌ಗಳು ಪ್ರತಿಯೊಂದು ಪದವೂ ಇರುವ ಲೇಖನವನ್ನೇ ಅರಸುತ್ತವೆ, ಕೊನೆಗೆ ಏನೂ ಸಿಗುವುದಿಲ್ಲ. ಜೀವಿಯ ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ, ಇಂಗ್ಲಿಷಿನ ದೊಡ್ಡಕ್ಷರದಲ್ಲಿ ‘ಆ್ಯಂಡ್’ (AND) ಬರೆದು, ಆಮೇಲೆ ಸರೋವರದ ಹೆಸರು. ‘ಪೂರ್ಣ ಪಠ್ಯ’ ಎಂಬ ಚೌಕಕ್ಕೆ ಗುರುತು ಹಾಕದಿದ್ದರೆ ಸಾರಾಂಶವಷ್ಟೇ ಇರುವ ಲೇಖನಗಳೂ ಪಟ್ಟಿಯಲ್ಲಿ ತುಂಬಿಕೊಳ್ಳುತ್ತವೆ. ಲೇಖನ ಸಿಕ್ಕ ಮೇಲೆ ಬ್ರೌಸರಿನ ಮೇಲಿರುವ ವಿಳಾಸವನ್ನು ನಕಲು ಮಾಡಬೇಡಿ. ಅದು ಆ ಹೊತ್ತಿನ ಲಾಗಿನ್‌ಗೆ ಅಂಟಿದ ವಿಳಾಸವಾಗಿದ್ದರೆ ಮರುದಿನ ಶಿಕ್ಷಕರು ತೆರೆದಾಗ ಸತ್ತಿರುತ್ತದೆ. ಪುಟದಲ್ಲಿ ‘ಪರ್ಮಾಲಿಂಕ್’ ಎಂಬ ಗುಂಡಿ ಇರುತ್ತದೆ, ಅದನ್ನು ಬಳಸಿ. ಆಕರದ ಸಾಲನ್ನು ಡೇಟಾಬೇಸೇ ಎಂಎಲ್‌ಎ (ಮಾಡರ್ನ್ ಲ್ಯಾಂಗ್ವೇಜ್ ಅಸೋಸಿಯೇಷನ್) ಶೈಲಿಯಲ್ಲಿ ಸಿದ್ಧಮಾಡಿ ಕೊಡುತ್ತದೆ. ಆದರೂ ಕಣ್ಣಾಡಿಸಬೇಕು: ಶೀರ್ಷಿಕೆಯಿಡೀ ದೊಡ್ಡಕ್ಷರದಲ್ಲಿ ಬರುವುದು, ಲೇಖಕರ ಹೆಸರು ಹಿಂದುಮುಂದಾಗುವುದು ಸಾಮಾನ್ಯ. 2021ರಲ್ಲಿ ಬಂದ ಎಂಎಲ್‌ಎ ಕೈಪಿಡಿಯ ಒಂಬತ್ತನೇ ಆವೃತ್ತಿಯ ನಿಯಮವೇ ಈಗ ನಡೆಯುತ್ತಿರುವುದು.

ಇ-ಪುಸ್ತಕಕ್ಕೆ ‘ಸೋರಾ’ ಎಂಬ ಆ್ಯಪ್ ಎಷ್ಟೋ ಶಾಲೆಗಳಲ್ಲಿದೆ. ಅವಧಿ ಮುಗಿದ ದಿನ ಪುಸ್ತಕ ತಾನೇ ವಾಪಸು ಹೋಗುವುದರಿಂದ ದಂಡದ ಮಾತಿಲ್ಲ. ಅದಕ್ಕೆ ಊರಿನ ಸಾರ್ವಜನಿಕ ಲೈಬ್ರರಿಯನ್ನೂ ಜೋಡಿಸಿಕೊಳ್ಳಬಹುದು ಎಂಬುದು ಗೊತ್ತಿರುವವರು ಕಡಿಮೆ.

ಇಷ್ಟೆಲ್ಲ ಇದ್ದರೂ ನಮ್ಮ ಮಕ್ಕಳು ಗ್ರಂಥಪಾಲಕರ ಮೇಜಿನ ಹತ್ತಿರ ಹೋಗಲು ಹಿಂಜರಿಯುತ್ತಾರೆ. ‘ಗೊತ್ತಿಲ್ಲ’ ಎನ್ನುವುದು ಅವಮಾನ ಎಂಬ ಪಾಠ ಮನೆಯಿಂದಲೇ ಬಂದದ್ದು, ಅದನ್ನು ಬಿಡಿಸಬೇಕಾದವರೂ ನಾವೇ. ಕೇಳಲು ಹೋಗುವಾಗ ಪ್ರಾಜೆಕ್ಟಿನ ಹಾಳೆಯನ್ನೇ ಕೈಯಲ್ಲಿ ಹಿಡಿದು ಹೋಗಲಿ: ಎಷ್ಟು ಆಕರ ಬೇಕು, ಎಷ್ಟು ಪುಟ, ಕೊಡುವ ದಿನ ಯಾವುದು. ಕಡೇಪಕ್ಷ ಒಂದು ವಾರ ಮೊದಲು. ಬೇರೆ ಊರಿನ ಲೈಬ್ರರಿಯಿಂದ ಪುಸ್ತಕ ತರಿಸಿಕೊಳ್ಳಬೇಕಾದರೆ ಅಷ್ಟು ದಿನ ಬೇಕೇ ಬೇಕು. ಮಗು ಏನು ಓದಿತು ಎಂದು ಗ್ರಂಥಪಾಲಕರು ಬೇರೆ ಮಕ್ಕಳ ಮುಂದೆ ಆಡಿಕೊಳ್ಳುವುದಿಲ್ಲ. ಓದುಗರ ಗುಟ್ಟು ಕಾಯುವುದು ಇಲ್ಲಿ ಆ ವೃತ್ತಿಯ ಧರ್ಮ.

ಇಲ್ಲಿ ಎಲ್ಲವೂ ಸೊಗಸು ಎಂದು ಹೇಳಿದರೆ ಸುಳ್ಳಾಗುತ್ತದೆ. ಮಿಶಿಗನ್ನಿನ ಎಷ್ಟೋ ಶಾಲೆಗಳಲ್ಲಿ ತರಬೇತಾದ ಗ್ರಂಥಪಾಲಕರ ಹುದ್ದೆ ಹೋಗಿ, ಪುಸ್ತಕ ಕೊಟ್ಟು ಇಸಿದುಕೊಳ್ಳುವ ಸಹಾಯಕರೊಬ್ಬರು ಉಳಿದಿದ್ದಾರೆ. 2023ರಲ್ಲಿ ಟೆಕ್ಸಾಸಿನ ಹ್ಯೂಸ್ಟನ್ ಶಾಲಾ ಜಿಲ್ಲೆ ಹಲವು ಶಾಲೆಗಳ ಗ್ರಂಥಪಾಲಕರನ್ನು ತೆಗೆದು, ಲೈಬ್ರರಿಯ ಜಾಗವನ್ನು ಬೇರೆ ಕೆಲಸಕ್ಕೆ ಬಳಸಿಕೊಂಡಿತು. ಕಟ್ಟಡ, ಕಪಾಟು, ಪುಸ್ತಕ ಎಲ್ಲ ಇದ್ದೂ ಕೊಡುವ ಮನುಷ್ಯ ಇಲ್ಲದಿದ್ದರೆ ಅದು ಗೋದಾಮು. ನಮ್ಮ ಬೀರು ಈ ಸ್ಥಿತಿಗೆ ಬಂದದ್ದು ಬೇರೆ ದಾರಿಯಿಂದ.

ಆ ದಾರಿಯ ಹೆಸರು ದಾಸ್ತಾನು ವಹಿ. ಕರ್ನಾಟಕದ ಸರ್ಕಾರಿ ಪ್ರೌಢಶಾಲೆಗಳಲ್ಲಿ ಲೈಬ್ರರಿಯ ಹೊಣೆ ಸಾಮಾನ್ಯವಾಗಿ ಪಾಠದ ಜೊತೆಗೆ ಒಬ್ಬ ಶಿಕ್ಷಕರ ಹೆಗಲಿಗೆ ಬೀಳುತ್ತದೆ. ವಹಿಯಲ್ಲಿ ಬೆಂಚು, ಗಡಿಯಾರ, ಗ್ಲೋಬಿನ ಹಾಗೆಯೇ ಪುಸ್ತಕವೂ ಒಂದು ಸಾಮಾನು. ವರ್ಗಾವಣೆ ಆದಾಗ ಚಾರ್ಜ್ ಕೊಡಬೇಕು, ಎಣಿಸಿದಾಗ ಹನ್ನೆರಡು ಪುಸ್ತಕ ಕಡಿಮೆ ಬಂದರೆ ಕೈಯಿಂದ ಕಟ್ಟಬೇಕಾದೀತು ಎಂಬ ಭಯ. ಒಂದು ಪುಸ್ತಕವನ್ನೂ ಮಕ್ಕಳಿಗೆ ಕೊಡದವರ ವಹಿ ಅಚ್ಚುಕಟ್ಟಾಗಿರುತ್ತದೆ, ಸಾವಿರ ಸಲ ಕೊಟ್ಟವರ ವಹಿಯಲ್ಲಿ ಕೊರತೆ ಬರುತ್ತದೆ. ಈ ಲೆಕ್ಕಾಚಾರದಲ್ಲಿ ಬೀಗ ಹಾಕಿದ ಮೇಷ್ಟ್ರನ್ನು ನಾನು ದೂರಲಾರೆ.

ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ ಇದಕ್ಕೆ ಉತ್ತರವಿದೆ. ಖರೀದಿಯ ಅಧ್ಯಾಯದಲ್ಲಿ ‘ಸರಕು’ ಎಂಬ ಪದದ ವ್ಯಾಖ್ಯೆಯಿಂದಲೇ ಗ್ರಂಥಾಲಯದ ಪುಸ್ತಕಗಳನ್ನು ಹೊರಗಿಟ್ಟಿದ್ದಾರೆ. 215ನೇ ನಿಯಮದ ಪ್ರಕಾರ ಓದಲು ಕೊಟ್ಟ ಪ್ರತಿ 1000 ಪುಸ್ತಕಕ್ಕೆ ವರ್ಷದಲ್ಲಿ 5 ಕಳೆದರೆ ಅದು ಸಹಜ ನಷ್ಟ, ಅಪ್ರಾಮಾಣಿಕತೆ ಅಥವಾ ನಿರ್ಲಕ್ಷ್ಯ ಇರಬಾರದು ಅಷ್ಟೇ. 1000 ರೂಪಾಯಿಗಿಂತ ಹೆಚ್ಚು ಬೆಲೆಯದು ಅಥವಾ, ಬೆಲೆ ಎಷ್ಟೇ ಇರಲಿ, ಅಪರೂಪದ್ದು ಕಳೆದರೆ ಮಾತ್ರ ತನಿಖೆ ಕಡ್ಡಾಯ. ಇದು ರಾಜ್ಯದ ಶಾಲೆಗಳಿಗೆ ತಾನಾಗಿ ಅನ್ವಯಿಸುವ ನಿಯಮ ಅಲ್ಲ, ನಿಜ. ಆದರೆ ಇದೇ ಅಳತೆಯನ್ನು ನಮ್ಮ ಪ್ರೌಢಶಾಲೆಗಳಿಗೂ ಸುತ್ತೋಲೆಯಲ್ಲಿ ಹೇಳಿದರೆ ಎಷ್ಟು ಬೀರುಗಳು ತೆರೆದುಕೊಂಡಾವು! 200 ಮಕ್ಕಳ ಶಾಲೆ, ಮಗುವಿಗೆ ವರ್ಷಕ್ಕೆ ಹತ್ತು ಪುಸ್ತಕ, ಒಟ್ಟು 2000 ವಿತರಣೆ. ಸಹಜ ನಷ್ಟ ಹತ್ತು ಪುಸ್ತಕ. ಒಂದಕ್ಕೆ ನೂರು ರೂಪಾಯಿ ಹಿಡಿದರೂ ಒಂದು ಸಾವಿರ. ಶಾಲಾ ಶಿಕ್ಷಣಕ್ಕಾಗಿರುವ ಕೇಂದ್ರದ ಸಮಗ್ರ ಶಿಕ್ಷಾ ಯೋಜನೆಯಲ್ಲಿ ಗ್ರಂಥಾಲಯಕ್ಕೆಂದು ಶಾಲೆಯ ಹಂತ ನೋಡಿ ವರ್ಷಕ್ಕೆ 5,000ದಿಂದ 20,000 ರೂಪಾಯಿವರೆಗೆ ಅನುದಾನ ಇಟ್ಟಿರುವಾಗ ಇದು ದೊಡ್ಡ ಮೊತ್ತವೇನಲ್ಲ.

ಇಲ್ಲಿನ ಶಾಲೆಗಳು ಈ ನಷ್ಟವನ್ನು ವರ್ಷದ ಖರ್ಚಿನಲ್ಲೇ ಸೇರಿಸಿಬಿಡುತ್ತವೆ. ಮಗು ಕಳೆದರೆ ಪುಸ್ತಕದ ಬೆಲೆ ಕೇಳುತ್ತಾರೆ, ತಡವಾದದ್ದಕ್ಕೆ ದಂಡ ಹಾಕುವುದನ್ನು ಬಹಳ ಕಡೆ ಕೈಬಿಟ್ಟಿದ್ದಾರೆ. ದಂಡಕ್ಕೆ ಹೆದರಿ ಲೈಬ್ರರಿಗೇ ಬರದೆ ಉಳಿಯುವವರು ಬಡವರ ಮನೆಯ ಮಕ್ಕಳು ಎಂಬುದು ಅವರು ಕಂಡುಕೊಂಡ ಕಾರಣ. ಇನ್ನೊಂದು ಪದ್ಧತಿ ನಮಗೆ ಇನ್ನೂ ಕಷ್ಟದ್ದು: ಹಳೆಯದನ್ನು ತೆಗೆದುಹಾಕುವುದು. ಪ್ಲೂಟೋವನ್ನು ಒಂಬತ್ತನೇ ಗ್ರಹ ಎನ್ನುವ 2006ಕ್ಕೆ ಹಿಂದಿನ ಖಗೋಳದ ಪುಸ್ತಕ, ತೆಲಂಗಾಣ ಇಲ್ಲದ 2014ಕ್ಕೆ ಹಿಂದಿನ ಭೂಪಟ ಪ್ರೌಢಶಾಲೆಯ ಕಪಾಟಿನಲ್ಲಿ ಇರಬಾರದು. ಸರಸ್ವತಿ ಎಂದು ಕಣ್ಣಿಗೊತ್ತಿಕೊಳ್ಳುವ ನಮಗೆ ಪುಸ್ತಕ ರದ್ದಿಗೆ ಹಾಕಲು ಕೈ ಬರುವುದಿಲ್ಲ, ಆ ಭಾವ ನನಗೂ ಪ್ರಿಯ. ಆದರೂ ತಪ್ಪು ಹೇಳುವ ಪುಸ್ತಕಕ್ಕೆ ಮಗುವಿನ ಮುಂದೆ ಜಾಗ ಕೊಡಬಾರದು.

‘ಪುಸ್ತಕಗಳಿರುವುದು ಬಳಕೆಗೆ’ ಎಂಬ ಸೂತ್ರವನ್ನು 1931ರಲ್ಲಿ ಕೊಟ್ಟ ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ ತಮ್ಮ ಕೊನೆಯ ವರ್ಷಗಳನ್ನು ಕಳೆದದ್ದು ಬೆಂಗಳೂರಿನಲ್ಲಿ. 1962ರಲ್ಲಿ ಗ್ರಂಥಾಲಯ ವಿಜ್ಞಾನದ ಸಂಶೋಧನೆ, ತರಬೇತಿಗೆಂದು ಡಿಆರ್‌ಟಿಸಿ ಎಂಬ ಕೇಂದ್ರ ಕಟ್ಟಿದ್ದೂ ಅಲ್ಲೇ. ಅಮೆರಿಕದ ಎಷ್ಟೋ ಗ್ರಂಥಪಾಲಕರು ಇಂದಿಗೂ ಅವರ ಐದು ಸೂತ್ರ ಓದಿಯೇ ವೃತ್ತಿಗೆ ಬರುತ್ತಾರೆ. ನಮ್ಮ ಮನೆಯಂಗಳದ ಮಾತು ಇದು, ಹೊರಗಿನಿಂದ ತರಬೇಕಾದ್ದಲ್ಲ. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳಲ್ಲಿ 2020ರಿಂದ ‘ಓದುವ ಬೆಳಕು’ ಕಾರ್ಯಕ್ರಮದಡಿ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ ಮಾಡಿದ್ದು ಅದೇ ದಿಕ್ಕಿನ ಹೆಜ್ಜೆ. ಶಾಲೆಯ ಬೀರು ಮುಚ್ಚಿದ್ದರೂ ಪಂಚಾಯಿತಿಯ ಬಾಗಿಲು ತೆರೆದಿರುವ ಊರುಗಳು ಇಂದು ಇವೆ.

ಪುಸ್ತಕ ಕೊಡಲು ಕಂಪ್ಯೂಟರ್ ಬೇಡ. ತರಗತಿಗೊಂದು ನೋಟ್‌ಬುಕ್, ಮಗುವಿಗೊಂದು ಪುಟ. ಪುಟದಲ್ಲಿ ಪುಸ್ತಕದ ಆಕ್ಸೆಶನ್ ನಂಬರ್ (ವಹಿಯಲ್ಲಿ ಪುಸ್ತಕಕ್ಕೆ ಕೊಟ್ಟ ಕ್ರಮಸಂಖ್ಯೆ), ಕೊಟ್ಟ ದಿನ, ಬಂದ ದಿನ, ಸಹಿ. ದಿನಾಂಕದ ಪ್ರಕಾರ ಒಂದೇ ವಹಿಯಲ್ಲಿ ಬರೆಯುತ್ತಾ ಹೋದರೆ ಯಾರ ಬಳಿ ಏನಿದೆ ಎಂದು ಹುಡುಕುವಷ್ಟರಲ್ಲಿ ಪೀರಿಯಡ್ ಮುಗಿಯುತ್ತದೆ. ನಲವತ್ತು ಮಕ್ಕಳು, ಒಂಬತ್ತನೇ ತರಗತಿಯ ಇಬ್ಬರು ಎರಡು ಮೇಜಿನಲ್ಲಿ, ಒಬ್ಬರಿಗೆ ಒಂದು ನಿಮಿಷ: ಇಪ್ಪತ್ತು ನಿಮಿಷದಲ್ಲಿ ಕೆಲಸ ಆಯಿತು. ಪುಸ್ತಕಕ್ಕೆ ಕಂದು ಕಾಗದದ ಹೊದಿಕೆ ಹಾಕಬೇಡಿ, ಹೆಸರು ಕಾಣದ ಪುಸ್ತಕವನ್ನು ಮಗು ಮುಟ್ಟುವುದಿಲ್ಲ. ಮಲೆನಾಡಿನ ಮಳೆಗಾಲದಲ್ಲಿ ಬೂಷ್ಟು ಹಿಡಿಯುವುದು ಮುಚ್ಚಿದ ಬೀರುವಿಗೇ ಹೆಚ್ಚು, ವಾರಕ್ಕೊಮ್ಮೆ ಗಾಳಿಯಾಡಿದರೆ ಪುಸ್ತಕವೂ ಉಳಿಯುತ್ತದೆ.

ಹೊರನಾಡಿನ ನಾವು ಓದಿದ ಶಾಲೆಗೆ ಏನಾದರೂ ಕೊಡಬೇಕೆಂದಾಗ ಮೊದಲು ಹೊಳೆಯುವುದು ದಾನಿಯ ಹೆಸರು ಬರೆಸಿದ ಮತ್ತೊಂದು ಬೀರು, ಇಲ್ಲವೇ ಇಲ್ಲಿಂದ ಕಳಿಸಿದ ಇಂಗ್ಲಿಷ್ ಪುಸ್ತಕಗಳ ಪೆಟ್ಟಿಗೆ. ಎರಡೂ ದಾಸ್ತಾನು ಹೆಚ್ಚಿಸುತ್ತವೆ, ಮೇಷ್ಟ್ರ ಭಯವನ್ನೂ ಹೆಚ್ಚಿಸುತ್ತವೆ. ನನ್ನ ಸಲಹೆ ಬೇರೆ: ಕಳೆದುಹೋಗುವ ಪುಸ್ತಕದ ಬಾಬ್ತು ನಮ್ಮದಾಗಲಿ. ಜೂನ್‌ನಲ್ಲಿ ಶಾಲೆ ಶುರುವಾಗುವಾಗಲೇ ಹಳೆ ವಿದ್ಯಾರ್ಥಿಗಳ ಸಂಘದಿಂದ ಮುಖ್ಯ ಶಿಕ್ಷಕರಿಗೂ ಶಾಲಾಭಿವೃದ್ಧಿ ಸಮಿತಿಯಾದ ಎಸ್‌ಡಿಎಂಸಿಗೂ ಒಂದು ಪತ್ರ ಹೋಗಲಿ: ಈ ವರ್ಷ ಮಕ್ಕಳ ಕೈಯಲ್ಲಿ ಕಳೆದ, ಹರಿದ ಪುಸ್ತಕಗಳಿಗೆ ಇಂತಿಷ್ಟು ರೂಪಾಯಿವರೆಗೆ ಬದಲಿ ಪ್ರತಿ ಕೊಡಿಸುತ್ತೇವೆ, ಪಟ್ಟಿಯನ್ನು ಮಾರ್ಚ್‌ನಲ್ಲಿ ಕಳಿಸಿ. ಹಣ ಹಾಕುವವರು ಪಾಸ್‌ಪೋರ್ಟ್ ನೋಡಿಕೊಳ್ಳಬೇಕು. ಭಾರತದ ಪೌರತ್ವ ಉಳಿಸಿಕೊಂಡವರು ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕೊಟ್ಟರೆ ಅದು ವಿದೇಶಿ ದೇಣಿಗೆ ಆಗುವುದಿಲ್ಲ. ಅಮೆರಿಕದ ಪೌರರಾದವರು ಸಾಗರೋತ್ತರ ಭಾರತೀಯರಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ ವಿದೇಶಿ ಮೂಲವೇ, ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿ ಇಲ್ಲದ ಸಂಘದ ಖಾತೆಗೆ ಅವರು ಹಣ ಹಾಕುವಂತಿಲ್ಲ. ಹಾಗಾಗಿ ಪತ್ರಕ್ಕೆ ಸಹಿ ಹಾಕುವವರ ಪೈಕಿ ಊರಿನಲ್ಲೇ ಇರುವ ಇಬ್ಬರಾದರೂ ಇರಲಿ, ಬದಲಿ ಪುಸ್ತಕ ಕೊಂಡು ಶಾಲೆಗೆ ಮುಟ್ಟಿಸುವವರು ಅವರೇ.