ಸೀರೆ ಮಡಿಕೆ, ಸಾಲದ ಲೆಕ್ಕ

ಅಕ್ರಮ ಆಸ್ತಿ ಕೇಸಿನಲ್ಲಿ ಜಪ್ತಿಯಾಗಿದ್ದ ಜಯಲಲಿತಾ ಅವರ ಒಡವೆಗಳನ್ನು ನಮ್ಮ ಬೆಂಗಳೂರಿನ ಕೋರ್ಟು 2025ರ ಫೆಬ್ರವರಿಯಲ್ಲಿ ತಮಿಳುನಾಡಿಗೆ ಒಪ್ಪಿಸಿತು. ಸುಮಾರು 27 ಕಿಲೋ ಬಂಗಾರ. ಮೇಲುಕೋಟೆಯಲ್ಲಿ ಹುಟ್ಟಿದ ಮಗಳಲ್ಲವೇ, ತವರಿನವರು ಬರಿಗೈಲಿ ಕಳಿಸುತ್ತಾರೆಯೇ!

ಬಂಗಾರ ಬಿಡಿ, ಇಟ್ಟಲ್ಲಿ ಇರುತ್ತದೆ. ಚಿಂತೆ ಸೀರೆಯದು. 1996ರಲ್ಲಿ ಚೆನ್ನೈನ ಪೋಯಸ್ ಗಾರ್ಡನ್‌ನ ಅವರ ಮನೆ ಮೇಲಿನ ದಾಳಿಯಲ್ಲಿ ಸಿಕ್ಕಿದ್ದು 10,500 ಸೀರೆ, 750 ಜೊತೆ ಚಪ್ಪಲಿ. ರೇಷ್ಮೆ ಸೀರೆ ಮೂರು ನಾಲ್ಕು ತಿಂಗಳಿಗೊಮ್ಮೆ ನೆರಳಲ್ಲಿ ಗಾಳಿ ಕಾಣಬೇಕು, ಮಡಿಕೆ ಬದಲಾಗಬೇಕು; ಇಲ್ಲದಿದ್ದರೆ ಮಡಿಕೆಯ ಗೆರೆಯಲ್ಲೇ ಸೀಳುತ್ತದೆ. ನುಸಿಗುಳಿಗೆ ಜರಿಗೆ ತಾಗಕೂಡದು, ಕಪ್ಪಾಗುತ್ತದೆ. ಹಳೆ ಪಂಚೆಯಲ್ಲಿ ಸುತ್ತಿಡಬೇಕು. ಸೀರೆಗೆ ಮೂರು ನಿಮಿಷವೆಂದರೂ ಒಂದು ಸುತ್ತಿಗೆ 525 ಗಂಟೆ. ದಿನಕ್ಕೆ ಎಂಟು ಗಂಟೆ ಬರೀ ಮಡಚುತ್ತ ಕೂತರೆ ಎರಡು ತಿಂಗಳು ದಾಟಿತು, ಅಷ್ಟರಲ್ಲಿ ಮುಂದಿನ ಸುತ್ತು. ಈ ಹುದ್ದೆಗೆ ಸರ್ಕಾರ ಇನ್ನೂ ಅರ್ಜಿ ಕರೆದಿಲ್ಲ.

ಲೆಕ್ಕ ಅಂದಾಗ ನೆನಪಾಯಿತು. ಅದೇ ಕೇಸಿನಲ್ಲಿ 2014ರಲ್ಲಿ ವಿಶೇಷ ನ್ಯಾಯಾಲಯ ಆಕೆಗೆ ನಾಲ್ಕು ವರ್ಷ ಜೈಲು, 100 ಕೋಟಿ ದಂಡ ಹಾಕಿತ್ತಲ್ಲ, 2015ರ ಮೇ 11ರಂದು ಹೈಕೋರ್ಟ್ ಖುಲಾಸೆ ಮಾಡಿತು. ಆದಾಯಕ್ಕಿಂತ ಹೆಚ್ಚಿನ ಆಸ್ತಿ ಶೇ 8.12 ಮಾತ್ರ, ಹತ್ತರೊಳಗಿದ್ದರೆ ಮಾಫಿ. ಆದಾಯದ ಕಡೆ ಸೇರಿಸಿದ ಸಾಲಗಳ ಮೊತ್ತ 24.17 ಕೋಟಿ ಎಂದು ತೀರ್ಪಿನಲ್ಲಿತ್ತು. ಅದೇ ಪಟ್ಟಿಯನ್ನು ಕೂಡಿದರೆ ಬರುವುದು 10.67 ಕೋಟಿ. ಹದಿಮೂರೂವರೆ ಕೋಟಿ ಎಲ್ಲಿಂದ ಬಂತೋ ದೇವರೇ ಬಲ್ಲ. ಕೂಡಿಕೆ ಸರಿಪಡಿಸಿದರೆ ಶೇ 8 ಹೋಗಿ ಶೇ 76 ದಾಟುತ್ತದೆ. ಕ್ಯಾಲೆಂಡರಿನ ಹಿಂದೆ ಹಾಲಿನ ಲೆಕ್ಕ ಬರೆಯುವ ಹೆಂಗಸು ಇಷ್ಟು ತಪ್ಪಿದ್ದರೆ ಹಾಲಿನವನು ಬಾಗಿಲಲ್ಲೇ ಕೂತುಬಿಡುತ್ತಿದ್ದ. ಇಲ್ಲಿ ಪಟಾಕಿ ಹೊಡೆದರು. ಹನ್ನೆರಡೇ ದಿನದಲ್ಲಿ ಆಕೆ ಮತ್ತೆ ಮುಖ್ಯಮಂತ್ರಿ.

ತಿಂಗಳಿಗೆ ಒಂದು ರೂಪಾಯಿ ಸಂಬಳ ಸಾಕೆಂದವರು, ಒಂದು ರೂಪಾಯಿಗೆ ಇಡ್ಲಿ ಕೊಟ್ಟವರು. ಆ ಇಡ್ಲಿ ತಿಂದ ಕೂಲಿಯವನ ಹೊಟ್ಟೆ ತುಂಬಿದ್ದು ಸುಳ್ಳಲ್ಲ, ಅದನ್ನು ಅಣಕಿಸಲು ಮನಸ್ಸಿಲ್ಲ. ಸಿಟ್ಟು ಬರುವುದು ಬೇರೆಯದಕ್ಕೆ. 1996ರ ಕೇಸು. ಆಕೆ ತೀರಿಕೊಂಡದ್ದು 2016ರ ಡಿಸೆಂಬರ್ 5. ಸುಪ್ರೀಂ ಕೋರ್ಟ್ ಆ ಕೂಡಿಕೆಯನ್ನು ತಪ್ಪೆಂದು ತಳ್ಳಿಹಾಕಿದ್ದು 2017ರ ಫೆಬ್ರವರಿ 14. ಎಪ್ಪತ್ತೊಂದು ದಿನ ತಡ. ಇಪ್ಪತ್ತು ವರ್ಷ ತಾರೀಖು ಕೊಡುತ್ತ ಕೂತು, ಕೊನೆಗೆ ಖಾಲಿ ಕುರ್ಚಿಗೆ ತೀರ್ಪು ಓದಿದಿರಿ. ಆಕೆಯ ಗೆಳತಿ, ಅದೇ ಕೇಸಿನ ಸಹ ಆರೋಪಿ ಶಶಿಕಲಾ ಮರುದಿನ ಪರಪ್ಪನ ಅಗ್ರಹಾರ ಜೈಲಿಗೆ ಬಂದು ಶರಣಾದರು.

ಸೀರೆ ಮಡಚಲು ಅಲ್ಲಿಂದ ಯಾರನ್ನಾದರೂ ಕರೆಸಬಹುದಿತ್ತು. ಯಾರಿಗೂ ಹೊಳೆಯಲಿಲ್ಲ.